ಹಾಸಿಗೆ ಹಿಡಿದವರ ಬಾಯಿಯ ಆರೈಕೆ

ಮನೆಯ ಹಿರಿಯರೊಬ್ಬರು ಫಾಲಿಜ್ (ಪಾರ್ಶ್ವವಾಯು) ಬಡಿದು ಹಾಸಿಗೆ ಹಿಡಿದರೆ ಮನೆಮಂದಿಯೆಲ್ಲ ಸೇರಿ ಸೇವೆ ಮಾಡುತ್ತಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಎಲ್ಲವೂ ನಡೆಯುತ್ತದೆ. ಆದರೆ ಅವರ ಬಾಯಿ ತೆರೆಸಿ ನೋಡುವವರು ಕಡಿಮೆ.

ಕೆಲವು ವರ್ಷಗಳ ಹಿಂದೆ ಒಬ್ಬ ಸೊಸೆ ತನ್ನ ಮಾವನನ್ನು ನೋಡಲು ನನ್ನನ್ನು ಮನೆಗೆ ಕರೆದಿದ್ದರು. ಮಾವನ ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಪದೇ ಪದೇ ಜ್ವರ, ಕೆಮ್ಮು, ಕಫ. ನ್ಯುಮೋನಿಯಾ ಆಗಿ ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದೂ ಆಗಿತ್ತು. ನಾನು ನಾಡಿ ನೋಡಿದೆ, ಎದೆ ಪರೀಕ್ಷಿಸಿದೆ, ಊಟ–ನಿದ್ದೆ ವಿಚಾರಿಸಿದೆ. ಬಾಯಿ ನೋಡಲಿಲ್ಲ. ಮೂರನೆಯ ಭೇಟಿಯಲ್ಲಿ ವಾಸನೆ ಬಂದು ಟಾರ್ಚ್ ಹಿಡಿದು ನೋಡಿದರೆ, ಬಲಗೆನ್ನೆಯೊಳಗೆ ಹಿಂದಿನ ದಿನದ ಅನ್ನದ ಅಗುಳು ಹಾಗೇ ಇತ್ತು. ನಾಲಗೆಯ ಮೇಲೆ ದಪ್ಪ ಬಿಳಿ ಪದರ, ಒಸಡಿನಲ್ಲಿ ಕೀವು. ಮೊದಲ ದಿನವೇ ನೋಡಬೇಕಿತ್ತು. ಆ ತಪ್ಪು ನನ್ನದು.

ಬಾಯಿಗೂ ಎದೆಗೂ ಏನು ಸಂಬಂಧ?

ಪಾರ್ಶ್ವವಾಯು ಆದವರಿಗೆ ಒಂದು ಬದಿಯ ಕೆನ್ನೆಯಲ್ಲಿ ಸ್ಪರ್ಶಜ್ಞಾನ ಕುಂದಿರಬಹುದು. ಅಲ್ಲಿ ಅನ್ನ ಉಳಿದರೂ ಅವರಿಗೆ ತಿಳಿಯುವುದಿಲ್ಲ. ನುಂಗುವ ಶಕ್ತಿಯೂ ಕಡಿಮೆಯಾಗಿರುತ್ತದೆ. ಕೊಳೆತ ಆಹಾರ ಮತ್ತು ಹಲ್ಲಿನ ಪಾಚಿಯಲ್ಲಿ ಬೆಳೆದ ರೋಗಾಣುಗಳು ಎಂಜಲಿನೊಂದಿಗೆ ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತವೆ. ನ್ಯುಮೋನಿಯಾಕ್ಕೆ ಇದು ಒಂದು ಮುಖ್ಯ ಕಾರಣ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಿರುವವರ ಬಾಯಿ ತೊಳೆಯುವುದು ಬೇಡ ಎಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು. ಅಗಿಯದ ಬಾಯಲ್ಲಿ ಎಂಜಲು ಕಡಿಮೆಯಾಗಿ ಕೊಳೆ ಇನ್ನೂ ಬೇಗ ಕಟ್ಟುತ್ತದೆ.

ತೊಳೆಯುವುದು ಹೇಗೆ?

1. ಮಲಗಿದ್ದಂತೆಯೇ ಬಾಯಿಗೆ ನೀರು ಹಾಕಬೇಡಿ. ತಲೆದಿಂಬು ಏರಿಸಿ ಕೂರಿಸಿ, ಗಲ್ಲ ತುಸು ಕೆಳಗೆ ಬಾಗಿರಲಿ. ಕೂರಲಾಗದವರನ್ನು ಒಂದು ಮಗ್ಗುಲಿಗೆ ತಿರುಗಿಸಿ, ಕೆನ್ನೆಯ ಕೆಳಗೆ ಟವೆಲ್ ಹಾಸಿ.

2. “ಅಬ್ಬಾ, ಬಾಯಿ ತೊಳೆಯೋಣ” ಎಂದು ಮೊದಲು ಹೇಳಿ. ಮಾತು ನಿಂತವರಿಗೂ ಕೇಳಿಸುತ್ತಿರಬಹುದು. ಹೇಳದೆ ಬಾಯಿಗೆ ಕೈ ಹಾಕಿದರೆ ಯಾರಾದರೂ ಬಾಯಿ ಬಿಗಿಹಿಡಿಯುತ್ತಾರೆ.

3. ಮಕ್ಕಳ ಮೃದುವಾದ ಸಣ್ಣ ಬ್ರಶ್ ಒಳ್ಳೆಯದು. ಪೇಸ್ಟ್ ಕಡಲೆಕಾಳಿಗಿಂತ ಕಡಿಮೆ ಸಾಕು. ಬ್ರಶ್ಶನ್ನು ಒದ್ದೆ ಮಾಡಿ ಕೊಡವಿಕೊಳ್ಳಿ. ಹಲ್ಲಿನ ಒಳಬದಿ, ಹೊರಬದಿ, ಕೊನೆಗೆ ನಾಲಗೆಯನ್ನು ಮೆಲ್ಲಗೆ ಉಜ್ಜಿ.

4. ಬಾಯಿ ಮುಕ್ಕಳಿಸಲಾಗದವರಿಗೆ ಲೋಟದಲ್ಲಿ ನೀರು ಕೊಡಬೇಡಿ. ಒದ್ದೆ ಮಾಡಿ ಹಿಂಡಿದ ಶುದ್ಧ ಗಾಜ್ ಬಟ್ಟೆಯಿಂದ ನೊರೆ ಒರೆಸಿ ತೆಗೆಯಿರಿ. ಸ್ವಾಧೀನವಿಲ್ಲದ ಬದಿಯ ಕೆನ್ನೆಯೊಳಗೆ ಪ್ರತಿ ಊಟದ ನಂತರವೂ ಒರೆಸಿ. ಬೆರಳನ್ನು ಕೆನ್ನೆ ಮತ್ತು ಹಲ್ಲಿನ ನಡುವೆ ಮಾತ್ರ ಆಡಿಸಿ. ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಇಟ್ಟರೆ ರೋಗಿ ಅರಿವಿಲ್ಲದೆ ಕಚ್ಚಬಹುದು.

5. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದು, ಬ್ರಶ್‌ನಿಂದ ಉಜ್ಜಿ, ತಣ್ಣೀರಿನಲ್ಲಿಡಿ. ಬಿಸಿನೀರಿನಲ್ಲಿ ಅದರ ಆಕಾರ ಕೆಡುತ್ತದೆ.

ದಿನಕ್ಕೆ ಎರಡು ಸಲ ಇಷ್ಟು ಮಾಡಲು ಹೆಚ್ಚು ಹೊತ್ತು ಬೇಡ. ರಾತ್ರಿಯದ್ದನ್ನು ಮಾತ್ರ ತಪ್ಪಿಸಬೇಡಿ, ನಿದ್ದೆಯಲ್ಲಿ ಎಂಜಲು ಕಡಿಮೆಯಾಗಿ ರೋಗಾಣುಗಳು ಹೆಚ್ಚುತ್ತವೆ.

ಮಿಸ್ವಾಕ್ ಮತ್ತು ಮನೆಮದ್ದು

ಪ್ರವಾದಿ(ಸ)ರವರ ಕೊನೆಯ ಕಾಯಿಲೆಯ ಘಟನೆ ನಿಮಗೆ ಗೊತ್ತಿದೆ. ಅವರ ನೋಟ ಮಿಸ್ವಾಕಿನ ಕಡೆ ಹರಿದುದನ್ನು ಗಮನಿಸಿದ ಹಝ್ರತ್ ಆಯಿಶಾ(ರ) ಅದನ್ನು ಪಡೆದು, ಅಗಿದು ಮೃದು ಮಾಡಿ ಕೊಟ್ಟರು. ರೋಗಿಯ ಬಾಯಿಯ ಆರೈಕೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಕೇಳುವ ಮೊದಲೇ ಅರಿತುಕೊಳ್ಳಬೇಕು, ಮೃದು ಮಾಡಿಯೇ ಕೊಡಬೇಕು. ಒಣಗಿ ಗಟ್ಟಿಯಾದ ಮಿಸ್ವಾಕ್ ಸ್ಪರ್ಶವಿಲ್ಲದ ಒಸಡನ್ನು ಗೀರುತ್ತದೆ. ನೀರಿನಲ್ಲಿ ನೆನೆಸಿ ಎಳೆ ಬಿಡಿಸಿಯೇ ಬಳಸಿ, ಎಳೆಗಳು ಬಾಯಲ್ಲಿ ಉಳಿಯದಂತೆ ನೋಡಿಕೊಳ್ಳಿ.

ಯುನಾನಿಯಲ್ಲಿ ಸನೂನ್ (ಹಲ್ಲುಪುಡಿ), ಗರ್‌ಗರಾ (ಗಂಟಲು ಮುಕ್ಕಳಿಸುವ ಕಷಾಯ) ಇವೆ. ನಾನೂ ಬರೆದುಕೊಡುತ್ತೇನೆ. ಆದರೆ ಸರಿಯಾಗಿ ನುಂಗಲು, ಉಗುಳಲು ಆಗುವವರಿಗೆ ಮಾತ್ರ. ಉಳಿದವರಿಗೆ ಪುಡಿ ಉಸಿರಿನೊಂದಿಗೆ ಒಳಹೋಗುತ್ತದೆ, ಕಷಾಯ ಶ್ವಾಸನಾಳಕ್ಕೆ ಇಳಿಯುತ್ತದೆ. ಇಟ್ಟಿಗೆ ಪುಡಿ, ತಂಬಾಕು ಬೆರೆತ ಪುಡಿ ಯಾರಿಗೂ ಬೇಡ.

ಇತರ ರೋಗಿಗಳು

ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಒಸಡು ಕೆಡುತ್ತದೆ, ಒಸಡಿನ ಸೋಂಕು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ. ಉಜ್ಜುವಾಗ ರಕ್ತ ಬರುತ್ತಿದ್ದರೆ ದಂತವೈದ್ಯರಿಗೆ ತೋರಿಸಿ.

ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಹಲ್ಲು ಕೀಳಿಸಬೇಕೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯದ ಕವಾಟ ಬದಲಿಸಿಕೊಂಡವರು ಹಲ್ಲು ಕೀಳಿಸುವ ಮೊದಲೇ ಅದನ್ನು ದಂತವೈದ್ಯರಿಗೆ ತಿಳಿಸಬೇಕು, ಮುಂಚಿತವಾಗಿ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಇಲ್ಲದಿದ್ದರೆ ಬಾಯಿಯ ರೋಗಾಣು ರಕ್ತದ ಮೂಲಕ ಹೃದಯಕ್ಕೆ ತಗಲಬಹುದು.

ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಯಿಂದ ಕೆಲವು ಮಕ್ಕಳ ಒಸಡು ಉಬ್ಬಿ ಹಲ್ಲಿನ ಮೇಲೆ ಬೆಳೆಯುತ್ತದೆ. ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ. ಬಾಯಿ ಶುಚಿಯಾಗಿದ್ದಷ್ಟೂ ಈ ತೊಂದರೆ ಕಡಿಮೆ. ಸಿಹಿ ಸಿರಪ್ ಕೊಡುವುದಿದ್ದರೆ ಹಲ್ಲುಜ್ಜುವ ಮೊದಲೇ ಕೊಡಿ. ಬುದ್ಧಿಮಾಂದ್ಯ ಅಥವಾ ಆಟಿಸಂ ಇರುವ ಮಗು ಪೇಸ್ಟಿನ ನೊರೆಗೆ ಹೆದರಿದರೆ ಕೆಲವು ದಿನ ಬರೀ ನೀರಿನಲ್ಲಿ ಬ್ರಶ್ ಮಾಡಿಸಿ, ದಿನವೂ ಒಂದೇ ಹೊತ್ತು, ಒಂದೇ ಜಾಗದಲ್ಲಿ. ಬೈದು, ಅದುಮಿ ಹಿಡಿದು ಮಾಡಿಸಿದರೆ ಮರುದಿನ ಬಾಯಿಯನ್ನೇ ತೆರೆಯದು.

ನಾಲಗೆ ಅಥವಾ ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಪದರ, ಎರಡು ವಾರದಲ್ಲಿ ಮಾಯದ ಹುಣ್ಣು, ಮುಖದ ಊತ, ನಿಲ್ಲದ ರಕ್ತ, ಆಹಾರ ಕೊಡುವಾಗ ಕೆಮ್ಮು – ಇವು ಕಂಡರೆ ಮನೆಮದ್ದಿಗೆ ಕಾಯಬೇಡಿ, ವೈದ್ಯರ ಬಳಿ ಹೋಗಿ.

ಆ ಸೊಸೆ ಅಂದಿನಿಂದ ದಿನಕ್ಕೆ ಎರಡು ಸಲ ಮಾವನ ಬಾಯಿ ತೊಳೆಸಿದರು. ದಂತವೈದ್ಯರು ಕೀವು ತುಂಬಿದ ಎರಡು ಹಲ್ಲು ಕಿತ್ತರು. ಮುಂದಿನ ಮಳೆಗಾಲದಲ್ಲಿ ಅವರಿಗೆ ಆಸ್ಪತ್ರೆ ಬೇಕಾಗಲಿಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ. ಆದರೆ ನಿಮ್ಮ ಮನೆಯಲ್ಲೂ ಒಬ್ಬರು ಮಲಗಿದ್ದರೆ, ಇಂದು ರಾತ್ರಿ ಒಂದು ಟಾರ್ಚ್ ಹಿಡಿದು ಅವರ ಬಾಯಿ ನೋಡಿ.