ತೂಕದ ಪುಸ್ತಕದಲ್ಲಿ ಅವಳ ಹೆಸರೆಲ್ಲಿ?

ಕಳೆದ ಡಿಸೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿ, ಬಾಬಾಬುಡನ್‌ಗಿರಿ ತಪ್ಪಲಲ್ಲಿರೋ ಗೆಳತಿಯ ಕಾಫಿ ತೋಟಕ್ಕೆ ಹೋಗಿದ್ದೆ. ಅರೇಬಿಕಾ ಕುಯ್ಲು ಜೋರಾಗಿತ್ತು. ಸಂಜೆ ಹಣ್ಣಿನ ಚೀಲಗಳೆಲ್ಲ ತೂಕಕ್ಕೆ ಬಂದವು. ಅಸ್ಸಾಂನಿಂದ ಬಂದಿದ್ದ ಒಬ್ಬ ಹುಡುಗಿ, ನನಗಿಂತ ಚಿಕ್ಕವಳೇ ಇರಬೇಕು, ತನ್ನ ಚೀಲ ಇಟ್ಟಳು. ರೈಟರು ತೂಕ ನೋಡಿ ಅವಳ ಗಂಡನ ಹೆಸರಿನ ಮುಂದೆ ಬರೆದುಕೊಂಡರು.

"ಇವಳದ್ದು ಬೇರೆ ಬರೆಯಲ್ವಾ?" ಅಂದೆ.

"ಜೋಡಿ ಲೆಕ್ಕ ಅಲ್ವಾ ಮೇಡಂ, ದುಡ್ಡು ಒಟ್ಟಿಗೇ ಹೋಗುತ್ತೆ" ಅಂದರು.

ನನಗೆ ಅಜ್ಜಿ ನೆನಪಾದಳು. ಅವಳು ಘಟ್ಟದ ಕೆಳಗಿನವಳು. ಮದುವೆಯಾದ ವರ್ಷವೇ, ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಅಜ್ಜನ ಜೊತೆ ಚಾರ್ಮಾಡಿ ಹತ್ತಿ, ಮೂಡಿಗೆರೆ ಕಡೆಯ ಒಂದು ತೋಟದ ಲೈನ್ ಮನೆಗೆ ಬಂದಳು. ಮೂವತ್ತು ವರ್ಷ ಹಣ್ಣು ಕುಯ್ದಳು, ಕಳೆ ತೆಗೆದಳು, ಕಣದಲ್ಲಿ ಕಾಫಿ ಹರವಿದಳು. ಕೊನೆಗೆ ಪಿಎಫ್ ವಿಚಾರಿಸಿದಾಗ ಅಜ್ಜನ ಹೆಸರು ಸಿಕ್ಕಿತು. ಅವಳದ್ದು ಸಿಗಲೇ ಇಲ್ಲ.

ಕಾನೂನು ಇರಲಿಲ್ಲ ಅಂತಲ್ಲ. ಬ್ರಿಟಿಷರ 1859ರ ಕಾಯಿದೆಯಂತೂ ಪೂರ್ತಿ ಮಾಲೀಕರ ಪರ. ಮುಂಗಡ ಪಡೆದ ಆಳು ಕೆಲಸ ಬಿಟ್ಟರೆ ಮೂರು ತಿಂಗಳವರೆಗೆ ಜೈಲು! ಅದರ ರದ್ದತಿಗೆ ಕಾನೂನು ಆಗಿದ್ದು 1925ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ, 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಮನೆ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಎಲ್ಲವನ್ನೂ ಮಾಲೀಕರ ಹೊಣೆ ಮಾಡಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕ್ರೆಶ್ ಇರಬೇಕು ಅಂತಲೂ ಹೇಳಿತು.

ಈಗ ನೀವೇ ಲೆಕ್ಕ ಹಾಕಿ. ಅರವತ್ತು ಹೆಂಗಸರು ದುಡಿದರೂ ಪುಸ್ತಕದಲ್ಲಿ ಮೂವತ್ತೇ ಹೆಸರಿದ್ದರೆ? ಆ ತೋಟಕ್ಕೆ ಕ್ರೆಶ್ ಬೇಕಾಗಲೇ ಇಲ್ಲ. ಹೆರಿಗೆ ರಜೆಯ ಕಥೆಯೂ ಅಷ್ಟೇ. ಆಫೀಸಿನಲ್ಲಿ ನಮಗೆ ಸಿಗುವ 26 ವಾರದವರೆಗಿನ ಸಂಬಳದ ರಜೆ ತೋಟದ ಹೆಂಗಸರಿಗೂ ಇದೆ. ಆದರೆ ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಆ ಮಾಲೀಕರ ಹತ್ತಿರ 80 ದಿನ ದುಡಿದಿರಬೇಕು. ದುಡಿದಿದ್ದಕ್ಕೆ ಸಾಕ್ಷಿ? ಅದೇ ಹಾಜರಿ ಪುಸ್ತಕ.

ಹೆಸರಿಲ್ಲದೆ ದುಡಿದವರು ನಮ್ಮ ಬೆಟ್ಟದಲ್ಲಿ ಮಾತ್ರ ಇಲ್ಲ. 1911ರ ಮಾರ್ಚ್ 25ರಂದು ನ್ಯೂಯಾರ್ಕ್‌ನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಗೆ ಓಡಬೇಕಿದ್ದ ಒಂದು ಬಾಗಿಲಿಗೆ ಬೀಗ ಹಾಕಿತ್ತು. 146 ಜನ ಸತ್ತರು. ಹೆಚ್ಚಿನವರು ಇಟಲಿ, ಪೂರ್ವ ಯುರೋಪಿನಿಂದ ವಲಸೆ ಬಂದ ಹುಡುಗಿಯರು. ಆ ದುರಂತದ ನಂತರ ಅಲ್ಲಿ ಕಾರ್ಖಾನೆ ಕಾನೂನುಗಳು ಬದಲಾದವು. ಆದರೆ ಸತ್ತವರಲ್ಲಿ ಆರು ಜನರ ಹೆಸರು ಗೊತ್ತಾಗಿದ್ದು ನೂರು ವರ್ಷದ ನಂತರ, 2011ರಲ್ಲಿ.

ನಮ್ಮಲ್ಲಿ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೇ ಪ್ಲಾಂಟೇಶನ್ ಕಾಯಿದೆ ಅದರೊಳಗೇ ಸೇರಿದೆ. ಯಾವ ಕಾನೂನು ಬಂದರೂ ಹೆಸರು ಬರೆಯಬೇಕಾದ್ದು ತೂಕದ ಹತ್ತಿರ ಕೂತವರೇ.

ರಾತ್ರಿ ಗೆಳತಿಗೆ ಅಜ್ಜಿಯ ಪಿಎಫ್ ಕಥೆ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. ಮಾರನೇ ದಿನ ಸಂಜೆ ಪುಸ್ತಕದಲ್ಲಿ ಹೊಸ ಪುಟ ತೆಗೆಸಿದಳು. ರೈಟರು ಹುಡುಗಿಯ ಹೆಸರು ಕೇಳಿದರು. ಅವಳು ಒಮ್ಮೆ ಗಂಡನ ಮುಖ ನೋಡಿದಳು, ಆಮೇಲೆ ಹೇಳಿದಳು. ಸರಿಯಾಗಿ ಕೇಳಿಸಲಿಲ್ಲ ಅಂತ ರೈಟರು ಮತ್ತೆ ಕೇಳಿದರು. ಎರಡನೇ ಸಲ ಜೋರಾಗೇ ಹೇಳಿದಳು.

ನಿಮ್ಮ ಮನೆಯದ್ದೂ ತೋಟ ಇದ್ದರೆ, ಈ ಸಲ ಊರಿಗೆ ಹೋದಾಗ ಹಾಜರಿ ಪುಸ್ತಕ ಒಮ್ಮೆ ತೆರೆದು ನೋಡಿ.