ಹವಳದ ತೊಟ್ಟಿಯಲ್ಲಿ ಪಾಚಿಯ ನಿವಾರಣೆ

ಮನೆಯಲ್ಲಿ ಗಾಜಿನ ತೊಟ್ಟಿಯೊಳಗೆ ಉಪ್ಪುನೀರು ತುಂಬಿ ಹವಳಗಳನ್ನು ಸಾಕುವವರಿಗೆ ಪಾಚಿಯೇ ದೊಡ್ಡ ಶತ್ರುವು. ಹವಳವು ಕಲ್ಲಲ್ಲ, ಜೀವವುಳ್ಳ ಪ್ರಾಣಿ. ಎಳೆಪಾಚಿಯು ಅದರ ಮೇಲೆ ಹಬ್ಬಿದರೆ ಬೆಳಕು ತಪ್ಪಿ ಅದು ಸೊರಗಿ ಸಾಯುವುದು.

ಗದ್ದೆಯ ಕಳೆಯಂತೆ ಪಾಚಿಯೂ ಗೊಬ್ಬರದಿಂದಲೇ ಕೊಬ್ಬುವುದು. ಮೀನು ತಿಂದು ಉಳಿದ ಆಹಾರವೂ ಅದರ ಮಲವೂ ಕೊಳೆತು ನೈಟ್ರೇಟು, ಫಾಸ್ಫೇಟುಗಳು ನೀರಿಗೆ ಸೇರುವುವು. ಬಾವಿಯ ಮತ್ತು ನಲ್ಲಿಯ ನೀರಿನಲ್ಲಿಯೂ ಇವು ಇರಬಹುದು. ಆದುದರಿಂದ ಪೂರ್ಣವಾಗಿ ಶುದ್ಧೀಕರಿಸಿದ ನೀರಿನಲ್ಲಿಯೇ, ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವಂತೆ, ಸಮುದ್ರದ ಉಪ್ಪಿನ ಮಿಶ್ರಣವನ್ನು ಕರಗಿಸತಕ್ಕದ್ದು. ಮೀನು ಕೂಡಲೇ ತಿಂದು ಮುಗಿಸುವಷ್ಟೇ ಆಹಾರವನ್ನು ಹಾಕಬೇಕು. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಾಯಿಸಬೇಕು. ತೊಟ್ಟಿಯ ಮೇಲೆ ನೇರವಾಗಿ ಬಿಸಿಲು ಬೀಳಕೂಡದು. ಟರ್ಬೋ ಜಾತಿಯ ಸಮುದ್ರದ ಬಸವನಹುಳುಗಳನ್ನು ಬಿಟ್ಟರೆ ಅವು ಪಾಚಿಯನ್ನು ಮೇಯುವುವು.

ಅಡಕೆಯ ಕೊಳೆರೋಗಕ್ಕೆ ಬಳಸುವ ಮೈಲುತುತ್ತವು ಪಾಚಿಯನ್ನೂ ಕೊಲ್ಲುವುದು ನಿಜ. ಆದರೆ ಹವಳದ ತೊಟ್ಟಿಗೆ ಅದನ್ನು ಎಂದಿಗೂ ಹಾಕಕೂಡದು. ಅದರಲ್ಲಿರುವ ತಾಮ್ರವು ಹವಳವನ್ನೂ ಬಸವನಹುಳುವನ್ನೂ ಕೊಲ್ಲುವುದಲ್ಲದೆ ಕಲ್ಲುಮರಳುಗಳಲ್ಲಿ ಸೇರಿ ಬಹುಕಾಲ ನಿಲ್ಲುವುದು. ಮೇಲಾಗಿ, ನೀರಿನಲ್ಲಿಯೇ ಸತ್ತ ಪಾಚಿಯು ಕೊಳೆತು ಪುನಃ ಗೊಬ್ಬರವಾಗುವುದು. ಕೈಯಿಂದ ಕಿತ್ತು ಹೊರಗೆ ಹಾಕಿದರೆ, ಪಾಚಿಯೊಡನೆ ಅದು ಹೀರಿದ ಗೊಬ್ಬರವೂ ತೊಟ್ಟಿಯನ್ನು ಬಿಟ್ಟುಹೋಗುವುದು.