ತಾಯಿಯ ಮನಸ್ಸು ಕುಸಿದರೆ ಕೂಸಿಗೂ ತಟ್ಟುತ್ತದೆಯೇ?

ಪ್ರಶ್ನೆ: ಹೆರಿಗೆಯಾಗಿ ತಿಂಗಳು ಕಳೆದರೂ ಮಗಳು ಅಳುತ್ತಲೇ ಇರುತ್ತಾಳೆ. ಕೂಸಿಗೆ ತೊಂದರೆಯೇ? (ಅಕ್ಕಲಕೋಟ)

ಉತ್ತರ: ಆಗಬಹುದು, ಆದರೆ ತಡೆಯಬಹುದು. ಮೊದಲ ವಾರದ ಅಳು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿದರೆ ಖಿನ್ನತೆ ಇರಬಹುದು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಖಿನ್ನತೆಯಿದ್ದ ತಾಯಂದಿರ ಮಕ್ಕಳಲ್ಲಿ ಆರು ತಿಂಗಳಿಗೆ ಶೇ 30ರಷ್ಟು ಕೂಸುಗಳು ಕಡಿಮೆ ತೂಕದವಾಗಿದ್ದವು. ಉಳಿದ ತಾಯಂದಿರ ಮಕ್ಕಳಲ್ಲಿ ಶೇ 12. ಬುದ್ಧಿ ಬೆಳವಣಿಗೆಯೂ ಹಿಂದಿತ್ತು.

ಕೂಸು 'ಊಂ' ಅಂದಾಗ ತಾಯಿಯೂ 'ಊಂ' ಅಂತಾಳೆ, ಅದು ಮತ್ತೆ ಕಾಲು ಬಡಿದು ನಗುತ್ತದೆ. ಮಿದುಳು ಬೆಳೆಯುವುದು ಇಂಥ ಮಾತುಕತೆಯಿಂದ. ಖಿನ್ನತೆಯಿರುವ ತಾಯಿಗೆ ಅದಕ್ಕೆ ಶಕ್ತಿಯೇ ಇರುವುದಿಲ್ಲ, ಅವಳ ತಪ್ಪಲ್ಲ. ಗಂಡುಮಗುವಿಗೆ ಕಾದ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಖಿನ್ನತೆ ಹೆಚ್ಚೆಂದೂ ಗೋವಾದಲ್ಲಿ ಕಂಡುಬಂದಿದೆ. ಬಾಣಂತಿಗೆ ಅಳವಿ ಉಂಡಿ ಕೊಡಲು ಮರೆಯದ ನಾವು, 'ಮನಸ್ಸು ಹೆಂಗದವ್ವಾ?' ಎಂದು ಕೇಳುವುದೇ ಅಪರೂಪ.

ಇವತ್ತೇ ಕೇಳಿ. ರಾತ್ರಿ ಕೂಸನ್ನು ನೀವು ನೋಡಿಕೊಂಡು ಅವಳನ್ನು ಮಲಗಲು ಬಿಡಿ. ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಹಾಲೂಡಿಸುವಾಗಲೂ ಕೊಡಬಹುದಾದ ಔಷಧಿಗಳಿವೆ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಸಾಯುವ ಮಾತಾಡಿದರೆ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಎಂದರೆ, ನಾಳೆಯವರೆಗೆ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ.